ಸರದಿಯ ಸ್ಟಿಯರಿಂಗ್

ಕ್ಲೈವ್ ಹೆಬ್ಡನ್ ಬಳಿ ಸರಿಯಾದ ಸ್ಟಿಯರಿಂಗ್ ಇರಲಿಲ್ಲ. ಉಳಿದದ್ದೆಲ್ಲ ಇತ್ತು. ಬಿಡಿಭಾಗ ತರಿಸಿ, ಹಿತ್ತಲಿನ ಶೆಡ್ಡಿನಲ್ಲಿ ನಾಲ್ಕು ವರ್ಷ ಮೈಮುರಿದು ಅವನೇ ಜೋಡಿಸಿದ ಕೆಂಪು ಕಾರು ಅದು. ರಸ್ತೆಗಿಳಿಯಲು ಸರ್ಕಾರದ ಸುರಕ್ಷತಾ ಪರೀಕ್ಷೆ ಪಾಸಾಗಬೇಕಿತ್ತು. ಅವನ ಸ್ಟಿಯರಿಂಗ್ ತೆಳು ಅಲ್ಯೂಮಿನಿಯಂನದು; ಅಂಚು ಚೂಪು, ನಡುವೆ ಬೋಳು ನಟ್ಟು.

ಕೀತ್ಲಿ ಪಟ್ಟಣದ ಕಾರು ಕಟ್ಟುವವರ ಕ್ಲಬ್ಬಿನಲ್ಲಿ ಇದಕ್ಕೊಂದು ಉಪಾಯವಿತ್ತು. ದಪ್ಪ ಮೆತ್ತೆಯ ಒಂದು ಸ್ಟಿಯರಿಂಗನ್ನು ಸರದಿಯಂತೆ ಎಲ್ಲರೂ ಒಯ್ಯುತ್ತಿದ್ದರು. ಪಾಸಾದ ಮೇಲೆ ಬಿಚ್ಚಿ ಮುಂದಿನವನಿಗೆ. ಆಗಲೇ ಹತ್ತು ಕಾರು ಪಾಸು ಮಾಡಿಸಿತ್ತು. ಈಗ ಕ್ಲೈವ್‌ನ ಸರದಿ.

"ಪಾಸಾದ್ಮೇಲೂ ಅಂಥದ್ದೇ ಹಾಕ್ಕೋ ಕ್ಲೈವ್," ಅಂದಳು ಪಕ್ಕದ ಮನೆಯ ಹೇಝೆಲ್. ಪರೀಕ್ಷಾ ಕೇಂದ್ರದಲ್ಲಿ ಇಪ್ಪತ್ತು ವರ್ಷ ದುಡಿದು ನಿವೃತ್ತಳಾದವಳು.

"ಅದನ್ನ ಹಿಡ್ಕೊಂಡ್ರೆ ಬಸ್ ಡ್ರೈವರ್ ಥರ ಕಾಣ್ತೀನಿ ಕಣೇ."

"ಕಾಣು. ಆ ಮೆತ್ತೆ ಇರೋದು ಪರೀಕ್ಷೆ ಮಾಡೋನ ಮುಖಕ್ಕಲ್ಲ, ನಿನ್ನ ಮುಖಕ್ಕೆ."

"ನಾನೇನು ಗುದ್ದೋಕೆ ಹೋಗ್ತಿದೀನಾ? ಟೀ ಕುಡಿ, ಆರೋಗತ್ತೆ."

ಹೆಂಡತಿ ಮ್ಯೂರಿಯಲ್ ಬಿಸ್ಕತ್ತಿನ ತಟ್ಟೆ ಹಿಡಿದು ಎಲ್ಲ ಕೇಳಿಸಿಕೊಂಡಳು.

ಕಾರು ಪಾಸಾಯಿತು. ಅಂದು ಸಂಜೆಯೇ ಹಳೆಯ ತೆಳು ಸ್ಟಿಯರಿಂಗ್ ಮತ್ತೆ ಬಂತು.

ಮುಂದಿನ ಭಾನುವಾರ ಮ್ಯೂರಿಯಲ್ ಕೀ ಕೇಳಿದಳು. ಊರಿನ ವಾದ್ಯಮೇಳದಲ್ಲಿ ಮೂವತ್ತೊಂದು ವರ್ಷದಿಂದ ಕಾರ್ನೆಟ್ ಎಂಬ ಪುಟ್ಟ ತುತ್ತೂರಿ ಊದುವವಳು, ಅಭ್ಯಾಸಕ್ಕೆ ಹೊರಟಿದ್ದಳು. ಕ್ಲೈವ್ ಪಕ್ಕದಲ್ಲಿ ಕೂತ. ವೃತ್ತದ ಬಳಿ ಮುಂದಿನ ವ್ಯಾನು ತಟ್ಟನೆ ನಿಂತಿತು; ಕಾರು ಅದರ ಹಿಂಬದಿಗೆ ಗುದ್ದಿತು. ವೇಗ ಹದಿನೈದು ಮೈಲಿ ದಾಟಿರಲಿಲ್ಲ, ಬೆಲ್ಟೂ ಕಟ್ಟಿದ್ದಳು. ಆದರೂ ಬಾಯಿ ಹೋಗಿ ಆ ನಟ್ಟಿಗೆ ಬಡಿಯಿತು.

"ಸ್ಟಿಯರಿಂಗಿಗೆ ಮೆತ್ತೆ ಇರ್ಲಿಲ್ವಾ?" ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದಳು.

ಹೊಲಿಗೆ ಹಾಕಿದ ತುಟಿಯ ಮ್ಯೂರಿಯಲ್ ಚೀಟಿಯಲ್ಲಿ ಒಂದೇ ಮಾತು ಬರೆದು ಕ್ಲೈವ್ ಮುಂದೆ ಹಿಡಿದಳು: ಹೇಳು.

"ಪರೀಕ್ಷೆ ದಿನ ಇತ್ತು," ಅಂದ.

ಮನೆಗೆ ಬಂದರೆ ಮೆತ್ತೆಯ ಸ್ಟಿಯರಿಂಗ್ ಶೆಡ್ಡಿನ ಗೂಡಿನಲ್ಲೇ ಇತ್ತು. ಒಂದು ಗೀರೂ ಬಿದ್ದಿರಲಿಲ್ಲ.

ಮಂಗಳವಾರ ಕ್ಲಬ್ಬಿನಲ್ಲಿ ರಾಯ್ಸ್ಟನ್ ಕೈ ಚಾಚಿದ. "ತಂದ್ಯಾ? ನನ್ನ ಸರದಿ."

"ತಂದಿದೀನಿ. ಕೊಡಲ್ಲ."

"ಯಾಕಯ್ಯ, ನಿಮ್ಮಪ್ಪನ ಆಸ್ತಿನಾ?"

ಕ್ಲೈವ್ ತಲೆ ಎತ್ತದೆ ನಡೆದದ್ದನ್ನೆಲ್ಲ ಹೇಳಿದ. ಹೇಝೆಲ್ ಮೊದಲೇ ಹೇಳಿದ್ದಳು ಎಂಬುದನ್ನೂ ಬಿಡಲಿಲ್ಲ. ಆ ಸ್ಟಿಯರಿಂಗ್ ಬಳಸಿದ್ದ ಹತ್ತು ಮಂದಿಯೂ ಅಲ್ಲೇ ಇದ್ದರು. ಯಾರೂ ಅವನ ಮುಖ ನೋಡಲಿಲ್ಲ.

ರಾಯ್ಸ್ಟನ್ ಬಿಯರ್ ಲೋಟವನ್ನು ಪಕ್ಕಕ್ಕೆ ಸರಿಸಿದ. "ನನ್ನ ಕಾರು ಮಗಳೂ ಓಡಿಸ್ತಾಳೆ. ಹೇಝೆಲ್ ನಂಬರ್ ಕೊಡು."

ಕಾರು ಕಟ್ಟುವವರೇ, ಪರೀಕ್ಷೆಯ ದಿನ ಇದ್ದ ಸ್ಟಿಯರಿಂಗೇ ಮರುದಿನವೂ ನಿಮ್ಮ ಕಾರಿನಲ್ಲಿರಲಿ. ಅಂಚು ಮೊಂಡಾಗಿರಲಿ, ನಡುವೆ ಮೆತ್ತೆಯಿರಲಿ, ಗುದ್ದಿದರೆ ಕುಸಿಯುವಂಥ ಸ್ಟಿಯರಿಂಗ್ ದಂಡವಿರಲಿ. ಬದಲಿಸಲೇಬೇಕೆಂದರೆ ಬಲ್ಲವರಿಗೆ ತೋರಿಸಿ ಬದಲಿಸಿ. ಕೀ ಯಾರ ಕೈಗೆ ಹೋಗುತ್ತದೋ ನಿಮಗೆ ಗೊತ್ತಿರುವುದಿಲ್ಲ.

ಮ್ಯೂರಿಯಲ್ ಕಳೆದುಕೊಂಡದ್ದು: ಮುಂದಿನ ಹಲ್ಲು ನಾಲ್ಕು, ಮೇಲ್ತುಟಿಯ ಸ್ಪರ್ಶಜ್ಞಾನ, ಮೇಳದಲ್ಲಿ ಒಂದು ಕುರ್ಚಿ.