ಇನ್ನೂರ ಹದಿನಾಲ್ಕನೇ ನಂಬರಿನ ಮಕ್ಕಳು

"ನಿಮ್ಮ ವಾರ್ಡಲ್ಲಿ ಸೊನ್ನೆ ಟೀಚರೇ. ಬೀದಿ ಮಗು ಅನ್ನೋದು ಮದ್ದಿಗೂ ಸಿಗಲ್ಲ. ಶಹಬ್ಬಾಸ್!" ಎಂದು ಬೀದಿ ಮಕ್ಕಳ ಸಮೀಕ್ಷೆಯ ಅಧಿಕಾರಿ ಪಟ್ಟಿಯನ್ನು ಅವಳ ಕಡೆ ತಿರುಗಿಸಿದರು.

ಟೀಚರು ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದಳು. ಹದಿನೈದು ದಿನ ಕತ್ತಲಿರುವಾಗಲೇ ಎದ್ದು, ಮಕ್ಕಳು ಚಿಂದಿ ಆಯಲು ಚದುರುವ ಮೊದಲೇ ಮೇಲ್ಸೇತುವೆಯ ಕೆಳಗೆ ಹೋಗಿ, ರಟ್ಟಿನ ಮೇಲೆ ಮುದುಡಿ ಮಲಗಿದವರನ್ನು ಎಬ್ಬಿಸಿ ಬರೆದುಕೊಂಡಿದ್ದಳು. ಮೂವತ್ತೇಳು ಮಕ್ಕಳು. ಮೂವತ್ತು ದಾಟಿದ ವಾರ್ಡಿಗೆ ಒಂದು ತಂಗುಮನೆ ಖಂಡಿತ ಎಂದು ತರಬೇತಿಯ ದಿನವೇ ಹೇಳಿದ್ದರು.

"ಮೂವತ್ತೇಳು ಫಾರಂ ಕೊಟ್ಟಿದ್ನಲ್ಲ ಸರ್!"

"ಇದಾವಲ್ಲ, ಎಲ್ಲಿ ಹೋಗ್ತಾವೆ? ಆದ್ರೆ ಎಲ್ಲದ್ರಲ್ಲೂ ಮನೆ ನಂಬರ್ ಇದೆ. ಮನೆ ಇದ್ದೋರನ್ನ ಕಂಪ್ಯೂಟರು ಬೀದಿಯೋರು ಅಂತ ಹೇಗೆ ಎಣಿಸತ್ತೆ?"

ಅವಳು ಎಡವಿದ್ದೇ ಅಲ್ಲಿ. ಮೊದಲ ಸಲ ಮನೆ ನಂಬರಿನ ಖಾನೆಯನ್ನು ಖಾಲಿ ಬಿಟ್ಟೇ ಕೊಟ್ಟಿದ್ದಳು. ಕಂಪ್ಯೂಟರಿನ ಹುಡುಗಿ ಇಡೀ ಕಟ್ಟನ್ನು ವಾಪಸ್ ತಳ್ಳಿ, "ಖಾಲಿ ಬಿಟ್ರೆ ಇದು ತಗೊಳಲ್ಲ ಮೇಡಂ, ಏನಾದ್ರೂ ಒಂದು ತುಂಬಿ" ಎಂದಿದ್ದಳು. ಫಾರಂ ಕೊಡಲು ಮಾರನೆಯ ದಿನವೇ ಕೊನೆ. ಕಂಡವರ ಮನೆ ನಂಬರು ಹಾಕಿ ಅವರ ಬಾಯಿಗೆ ಬೀಳುವುದೇಕೆಂದು, ಹೆಸರುಗಳನ್ನು ಇನ್ನೊಮ್ಮೆ ಕೇಳಲು ಸೇತುವೆಯ ಕೆಳಗೆ ಹೋದಾಗ ತನ್ನದೇ ನಂಬರನ್ನು ಒಂದೊಂದಾಗಿ ತುಂಬುತ್ತ ಹೋಗಿದ್ದಳು. ಮಕ್ಕಳೆಲ್ಲ ಅರಳು ಎಂದು ಕರೆಯುವ ಬಾಯಿಬಡುಕ ಹುಡುಗಿ ಬಗ್ಗಿ ನೋಡಿ, "ಇದೇನಕ್ಕಾ, ಎಲ್ಲಾರಿಗೂ ಒಂದೇ?" ಎಂದಿತ್ತು. "ನಿಮ್ಮ ಮನೆ ನಂಬರ್ ಕಣೇ, ಸುಮ್ನಿರು" ಎಂದು ಅವಸರದಲ್ಲಿ ಗದರಿದ್ದಳು.

"ಅದು ನನ್ನ ಮನೆ ನಂಬರು ಸರ್. ನಾನೇ ತುಂಬಿದ್ದು."

ಅಧಿಕಾರಿ ಕನ್ನಡಕ ತೆಗೆದರು. "ಇದನ್ನ ಇನ್ನೊಬ್ರ ಹತ್ರ ಹೇಳ್ಬೇಡಿ, ಕೆಲಸಕ್ಕೇ ಕುತ್ತು. ಪಟ್ಟಿ ಮೇಲಕ್ಕೆ ಹೋಗಾಯ್ತು. ಮುಂದಿನ ಸಮೀಕ್ಷೆ ಇನ್ನು ಮೂರು ವರ್ಷಕ್ಕೇ."

"ಅಷ್ಟರಲ್ಲಿ ಅರ್ಧದಷ್ಟು ಜನ ಮಕ್ಕಳಾಗೇ ಉಳಿದಿರಲ್ಲ ಸರ್!"

"ಹಾಗಾದ್ರೆ ಲೆಕ್ಕ ಇನ್ನೂ ಹಗುರ ಆಯ್ತು, ಬಿಡಿ."

ಅವಳು ಬಿಡಲಿಲ್ಲ. ಅಲ್ಲೇ ಒಂದು ಹಾಳೆ ಕೇಳಿ ಪಡೆದು, ತಪ್ಪು ತನ್ನದೆಂದೂ ಆ ಮಕ್ಕಳಿಗೆ ಮನೆಯಿಲ್ಲವೆಂದೂ ಬರೆದು ಸಹಿ ಹಾಕಿದಳು. ಅಧಿಕಾರಿ ಅದನ್ನು ಓದದೆ, ಹಾರದಂತೆ ಮೇಲೊಂದು ಗಾಜಿನ ಗುಂಡು ಇಟ್ಟರು. ಆ ಗುಂಡಿನ ಕೆಳಗೆ ಆಗಲೇ ಒಂದು ಗೇಣು ಹಾಳೆಗಳಿದ್ದವು.

ಮನೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತಿದ್ದ ಅತ್ತೆ ಎಲ್ಲವನ್ನೂ ಕೇಳಿ ಗಲ್ಲಕ್ಕೆ ಕೈಯಿಟ್ಟರು. "ಹದಿನೆಂಟು ವರ್ಷದಿಂದ ಒಂದು ಹೆರು ಅಂದ್ರೆ ಆಗ್ಲಿಲ್ಲ. ಈಗ ನೋಡಿದ್ರೆ ಒಂದೇ ಏಟಿಗೆ ಮೂವತ್ತೇಳು!"

ಬೇರೆ ದಿನವಾಗಿದ್ದರೆ ಅವಳು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಲ್ಲುತ್ತಿದ್ದಳು. ಇವತ್ತು ಅಳುವುದೂ ಸಾಕಾಗಿತ್ತು. "ಹೆತ್ತೂ ಆಯ್ತು, ಬೀದಿಗೆ ಬಿಟ್ಟೂ ಆಯ್ತು ಅತ್ತೆ" ಎಂದಳು. ಅತ್ತೆಯ ಕೈ ಬೆಳ್ಳುಳ್ಳಿಯ ಮೇಲೆ ಹಾಗೇ ನಿಂತಿತು.

ಬಾಗಿಲ ಹೊರಗೆ ಯಾರೋ ಪಿಸುಗುಟ್ಟಿದ ಸದ್ದು. ತೆಗೆದರೆ, ಅರಳು. ಕಂಕುಳಲ್ಲಿ ಮಡಿಸಿದ ರಟ್ಟು. ಗೋಡೆಯ ತಗಡಿನ ಅಂಕಿಗಳ ಮೇಲೆ ಬೆರಳಾಡಿಸುತ್ತ ನಿಂತಿತ್ತು.

"ಎರಡು, ಒಂದು, ನಾಲ್ಕು. ಇದೇ ಅಲ್ವಾಕ್ಕಾ? ಬೀದಿ ಬೀದಿ ಹುಡುಕಿ ಸಾಕಾಯ್ತು. ಮಿಕ್ಕೋರು ತಿರುವಲ್ಲಿ ನಿಂತಿದಾರೆ. ನಾನು ಮೊದ್ಲು ನೋಡ್ಕೊಂಡ್ ಬರ್ತೀನಿ ಅಂದೆ."

ಟೀಚರು ಅತ್ತೆಯ ಕಡೆ ತಿರುಗಿದಳು.

ಅತ್ತೆ ಮಂಡಿ ಹಿಡಿದುಕೊಂಡು ಎದ್ದು ಬಂದರು. ಹುಡುಗಿಯನ್ನು ನೋಡಿದರು, ಬೀದಿಯ ತಿರುವನ್ನು ನೋಡಿದರು. ಆಮೇಲೆ ಬಗ್ಗಿ, ಹೊಸ್ತಿಲ ಬಳಿಯಿದ್ದ ಮೂರು ಜೊತೆ ಚಪ್ಪಲಿಗಳನ್ನು ಗೋಡೆಯ ಕಡೆಗೆ ಒತ್ತೊತ್ತಾಗಿ ಸರಿಸಿ ಜಾಗ ಮಾಡತೊಡಗಿದರು.