ಹೆಪ್ಪು ತುಳುಕದ ದಾರಿ

ಆ ದಾರಿಯ ಮೇಲೆ ಕಾಲಿಡುವ ಎಷ್ಟೋ ವರ್ಷ ಮೊದಲೇ ವರ್ಷಿಣಿ ಅದರಲ್ಲಿ ನಡೆದು ಮುಗಿಸಿದ್ದಳು. ಅಜ್ಜಿ ಸುಬ್ಬಲಕ್ಷ್ಮಿಯ ತೊಡೆಯ ಮೇಲೆ ತಲೆಯಿಟ್ಟು, ಕಣ್ಣು ಮುಚ್ಚಿ.

ಕಥೆ ಇಷ್ಟೇ. ಸಂಸೆಯ ಹುಡುಗಿಯೊಬ್ಬಳನ್ನು ಗುಡ್ಡದಾಚೆ ಹೊರನಾಡಿನ ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ಗಂಡನ ಮನೆಯಲ್ಲಿ ಹಾಲು ಬೇಕಾದಷ್ಟಿತ್ತು, ಮೊಸರು ಮಾತ್ರ ಗಟ್ಟಿಯಾಗುತ್ತಿರಲಿಲ್ಲ. ಲೋಳೆಯಾಗುತ್ತಿತ್ತು, ಇಲ್ಲವೇ ನೀರೊಡೆಯುತ್ತಿತ್ತು. ಅತ್ತೆ ಸೊಸೆಯ ಮುಖ ನೋಡಿದರು. ಸೊಸೆ ತವರಿಗೆ ಬಂದು, ಅಮ್ಮನ ಮನೆಯ ಹೆಪ್ಪನ್ನು ಪುಟ್ಟ ಗಡಿಗೆಯಲ್ಲಿ ಹಾಕಿಸಿಕೊಂಡು ಹೊರಟಳು. ಗುಡ್ಡವನ್ನು ನೆಟ್ಟಗೆ ಇಳಿದರೆ ಗಡಿಗೆ ತುಳುಕುತ್ತದೆ. ಹಾಗಾಗಿ ಅವಳು ಬಳಸಿ ಬಳಸಿ ನಡೆದಳು. ಹಲಸಿನ ಮರದ ಹತ್ತಿರ ಎಡಕ್ಕೆ ತಿರುಗಿದಳು. ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳಲು ಯಾರೋ ಪುಣ್ಯಾತ್ಮರು ನಿಲ್ಲಿಸಿದ್ದ ಹೊರೆಗಲ್ಲಿನ ಹತ್ತಿರ ಬಲಕ್ಕೆ. ಒರತೆಯನ್ನು ಸುತ್ತು ಹಾಕಿ ಮತ್ತೆ ಎಡಕ್ಕೆ, ಎರಡು ಬಂಡೆಗಳ ನಡುವೆ. ಅವಳು ತುಳಿದದ್ದೇ ದಾರಿಯಾಯಿತು. ಕೊನೆಗೆ ಗಡಿಗೆಯನ್ನು ಇಳಿಸಿಕೊಳ್ಳುವಾಗ ಅತ್ತೆ ಸೊಸೆಯ ಕೈ ಮೂಸಿ, "ಎಲ್ಲಿ ಕಿತ್ತಳೆ ತಿಂದೆಯೇ?" ಎಂದು ಕೇಳುತ್ತಿದ್ದರು.

"ಎಲ್ಲಿ ತಿಂದಳಜ್ಜಿ?"

"ಅದು ನಾಳೆ ಕಥೆ. ಈಗ ಮಲಗು."

ಆ ನಾಳೆ ಬರಲೇ ಇಲ್ಲ. ವರ್ಷಿಣಿ ದೊಡ್ಡವಳಾದಳು, ಕಳಸದ ಕಂಪ್ಯೂಟರ್ ಸೆಂಟರಿನಲ್ಲಿ ಹುಡುಗಿಯರಿಗೆ ಟೈಪಿಂಗ್ ಹೇಳಿಕೊಡುವ ಕೆಲಸಕ್ಕೆ ಸೇರಿದಳು, ಸಂಬಳ ಕೂಡಿಟ್ಟು ಒಂದು ಗೇರ್ ಸೈಕಲ್ ಕೊಂಡಳು. ಸೈಕಲ್ ಮಾರಿದವನು ಚಿಕ್ಕಮಗಳೂರಿನ ಸುಪ್ರೀತ್. ಅಂಗಡಿಯ ಜೊತೆಗೆ ಅವನು ಗುಡ್ಡದ ಸೈಕಲ್ ಸವಾರರ ಒಂದು ಬಳಗವನ್ನೂ ಕಟ್ಟಿದ್ದ. ಭಾನುವಾರ ಬಂತೆಂದರೆ ಪಿಕಪ್ಪಿನ ಮೇಲೆ ಸೈಕಲ್ ಪೇರಿಸಿಕೊಂಡು, ಒಳಗೆ ಗುದ್ದಲಿ, ಹಾರೆ, ಮಣ್ಣು ಹೊರುವ ಬಾಣಲಿ ತುಂಬಿಕೊಂಡು ಎಲ್ಲಾದರೂ ದಾರಿ ಮಾಡಲು ಹೊರಡುತ್ತಿದ್ದರು. ಕೂಲಿ ಇಲ್ಲ, ಸ್ವಂತ ಖುಷಿ.

2006ರ ಫೆಬ್ರವರಿಯಲ್ಲಿ ಸುಪ್ರೀತ್ ಕೇಳಿದ. "ನಿಮ್ಮ ಕಡೆ ಚೆನ್ನಾಗಿರೋ ಇಳಿಜಾರು ಎಲ್ಲಾದ್ರೂ ಇದ್ಯಾ? ನೆಟ್ಟಗೆ ಬೀಳೋದು ಬೇಡ. ಬಳಸ್ಕೊಂಡು ಇಳೀಬೇಕು."

"ಇದೆ. ಹೆಪ್ಪಿನ ಗಡಿಗೆ ಹಿಡ್ಕೊಂಡು ಇಳಿದ್ರೂ ತುಳುಕಲ್ಲ," ಎಂದಳು ವರ್ಷಿಣಿ.

ಹೇಳಿದ ಮೇಲೆ ಕಥೆಯನ್ನೂ ಹೇಳಬೇಕಾಯಿತು. ಕಿತ್ತಳೆಯ ಮಾತನ್ನು ಮಾತ್ರ ಅವಳು ಬಿಟ್ಟಳು. ಅದು ದಾರಿಗೆ ಸಂಬಂಧಿಸಿದ್ದಲ್ಲ, ತನಗೂ ಅಜ್ಜಿಗೂ ಸಂಬಂಧಿಸಿದ್ದು ಎನಿಸಿತ್ತು.

ಗುಡ್ಡದ ಆಚೆ ಮಗ್ಗುಲು ಪೂರ್ತಿ ರಂಗನಾಥ ಗೌಡರ ಎಸ್ಟೇಟು. ವರ್ಷಿಣಿಯ ತೀರಿಹೋದ ಅಜ್ಜ ಗಣಪಯ್ಯ ಮೇಷ್ಟ್ರ ಹತ್ತಿರ ಗೌಡರು ಮಗ್ಗಿ ಕಲಿತವರು. ಹಾಗಾಗಿ ಕಾಫಿ ಕೊಟ್ಟು ಕೂರಿಸಿದರು. ಆದರೆ ಮಾತು ಖಡಕ್ಕಾಗಿತ್ತು.

"ನೋಡಮ್ಮ, ಗಿಡದ ಮಧ್ಯೆ ಹೊಸ ದಾರಿ ಕಡೀತೀವಿ ಅಂದ್ರೆ ನಾನು ಒಪ್ಪಲ್ಲ. ಇವತ್ತು ಸೈಕಲ್ಲು, ನಾಳೆ ಬೈಕು, ನಾಡಿದ್ದು ಜೀಪು. ಆದ್ರೆ ಹಿಂದಿನ ಕಾಲುದಾರಿ ಇದೆ ಅಂತಾದ್ರೆ ತಡೆಯೋಕೆ ನಾನ್ಯಾರು? ನಮ್ಮಪ್ಪ ಯಾರ ಕಾಲುದಾರೀನೂ ಮುಚ್ಚಿಲ್ಲ, ನಾನೂ ಮುಚ್ಚಲ್ಲ. ಇದ್ಯಾ?"

"ಇದೆ ಗೌಡ್ರೆ. ನಮ್ಮಜ್ಜಿ ಹೇಳಿದಾರೆ."

"ಸುಬ್ಬಲಕ್ಷ್ಮಮ್ಮನೋರು ಹೇಳಿದ್ಮೇಲೆ ಮುಗೀತು. ಹೂವಿನ ಮಳೆ ಬರೋದ್ರೊಳಗೆ ಮುಗಿಸ್ಕೊಳ್ಳಿ. ಕಾಫಿ ಹೂ ಬಿಟ್ಮೇಲೆ ತೋಟದೊಳಗೆ ನನ್ನ ನಾಯೀನೂ ಬಿಡಲ್ಲ."

ಕೆಲಸ ಶುರುವಾಯಿತು. ಚಿಕ್ಕಮಗಳೂರಿನವರ ಜೊತೆ ಕಳಸದ ಕಾಲೇಜು ಹುಡುಗರು ಸೇರಿಕೊಂಡರು, ಸಂಸೆಯ ಹೆಂಗಸರ ಸಂಘದವರು ಅವಲಕ್ಕಿ ಕಲಸಿಕೊಂಡು ಬಂದರು. ಗೌಡರ ಮೇಸ್ತ್ರಿ ಬೊಮ್ಮಯ್ಯ ಸುಮ್ಮನೆ ನೋಡಿಕೊಂಡು ಹೋಗಲು ಬಂದವನು ಕತ್ತಿ ತೆಗೆದುಕೊಂಡು ಮುಂದೆ ಮುಂದೆ ಲಂಟಾನ ಸವರತೊಡಗಿದ. ಸುಪ್ರೀತ್ ದಾರಿಯ ಹೊರ ಅಂಚನ್ನು ಚೂರು ಇಳಿಸಿ ಕೆತ್ತಿಸುತ್ತಿದ್ದ. "ನೀರು ದಾರಿ ಉದ್ದಕ್ಕೆ ಓಡಬಾರ್ದು, ಅಡ್ಡ ದಾಟಿ ಹೋಗ್ಬೇಕು. ಇಲ್ಲಾಂದ್ರೆ ಒಂದೇ ಮಳೆಗಾಲಕ್ಕೆ ಇದು ಹಳ್ಳ."

ಮೊದಲ ಭಾನುವಾರವೇ ಹಲಸಿನ ಮರ ಸಿಕ್ಕಿತು. ಎರಡನೆಯದರಲ್ಲಿ, ಲಂಟಾನದ ಮೆಳೆಯೊಳಗೆ, ಪಾಚಿ ಹಿಡಿದ ಹೊರೆಗಲ್ಲು. ಹುಡುಗರು ಒಬ್ಬೊಬ್ಬರೇ ಹೋಗಿ ಅದನ್ನು ಮುಟ್ಟಿ ಬಂದರು. ವರ್ಷಿಣಿ ಮುಟ್ಟಲಿಲ್ಲ. ಮುಟ್ಟಿದರೆ ಕಥೆಯ ಕಲ್ಲು ಬರೀ ಕಲ್ಲಾಗಿಬಿಡುತ್ತದೇನೋ ಎಂಬುದೊಂದು ಹೆದರಿಕೆ ಅವಳಿಗೆ. ಆಮೇಲೆ ಒರತೆಯೂ ಸಿಕ್ಕಿತು. ಅಲ್ಲಿಂದ ಗೌಡರ ಕಾಫಿ ಒಣಗಿಸುವ ಕಣದವರೆಗೆ ಒಂದೇ ಒಂದು ತುಂಡು ಉಳಿಯಿತು.

ತೊಡಕು ಬಂದದ್ದು ಅಲ್ಲಿ. ಒರತೆ ದಾಟಿದ ಮೇಲೆ ಎರಡು ಬಂಡೆಗಳ ನಡುವೆ ನುಸುಳಬೇಕು ಎಂದು ಕಥೆ ಹೇಳುತ್ತಿತ್ತು. ಅಲ್ಲಿ ಬಂಡೆಯೇ ಇರಲಿಲ್ಲ. ಎಲ್ಲಿ ನೋಡಿದರೂ ಹಳೆಯ ರೊಬಸ್ಟಾ ಕಾಫಿ ಗಿಡ, ಅದರಾಚೆ ಇಳಿಜಾರು.

ವರ್ಷಿಣಿ ಮನೆಗೆ ಬಂದು ಕೇಳಿದಳು. ಅಜ್ಜಿ ಅಂಗಳದಲ್ಲಿ ಮಜ್ಜಿಗೆ ಮೆಣಸನ್ನು ಬಿಸಿಲಿಗೆ ಹರಡುತ್ತಿದ್ದರು.

"ಬಂಡೆಯ ಎಡಕ್ಕೆ ಹೋಗ್ಬೇಕು," ಎಂದರು.

"ಬಂಡೆ ಇಲ್ಲ ಅಜ್ಜಿ."

"ಹಾಗಾದ್ರೆ ಬಲಕ್ಕಿರ್ಬೇಕು."

ಮಾರನೆಯ ದಿನ ಕೇಳಿದರೆ ಅದು ಬಂಡೆಯಲ್ಲ, ಹುತ್ತ ಎಂದರು. ಅದರ ಮರುದಿನ ಹುತ್ತವೂ ಹೋಗಿ ಒಂದು ಸಂಕ, ಮರದ ಕಾಲುಸೇತುವೆ, ಬಂತು. ಸಂಕ ಎಂದ ಮೇಲೆ ಕೆಳಗೆ ಹಳ್ಳವೊಂದು ಬೇಕಲ್ಲ. ವರ್ಷಿಣಿಯ ತಲೆಯೊಳಗೆ ಗುಡ್ಡವೇ ಮಗ್ಗುಲು ಬದಲಿಸಿದಂತಾಯಿತು.

"ಅಜ್ಜಿ, ಸರಿಯಾಗಿ ನೆನಪು ಮಾಡ್ಕೊ. ನೀನು ಹೋದಾಗ ಎಂತ ಇತ್ತು?"

"ನಾನೆಲ್ಲಿ ಹೋಗಿದೀನೆ ಮಾರಾಯ್ತಿ?" ಅಜ್ಜಿ ಮೆಣಸನ್ನು ಮಗುಚುತ್ತಲೇ ಹೇಳಿದರು. "ನೀನು ನಿದ್ದೆ ಮಾಡೋ ಜಾತಿ ಆಗಿರ್ಲಿಲ್ಲ. ಕಣ್ಣು ಬಿಟ್ರೆ ಇನ್ನೊಂದು ತಿರುವು ಹಾಕ್ತಿದ್ದೆ. ಜ್ವರ ಬಂದಾಗ ಒಂದು ಸಂಕಾನೂ ಹಾಕಿದ್ದೆ ಅನ್ಸತ್ತೆ."

ವರ್ಷಿಣಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. "ಹಲಸಿನ ಮರ ಸಿಕ್ತಲ್ಲ?"

"ಹಲಸಿನ ಮರ ಇಲ್ದಿರೋ ಗುಡ್ಡ ತೋರ್ಸು."

"ಹೊರೆಗಲ್ಲು?"

"ಹೊರೆ ಹೊತ್ತ ಜನ ಓಡಾಡಿದ ಕಡೆ ಹೊರೆಗಲ್ಲು ಇರತ್ತಪ್ಪ. ಒರತೇನೂ ಕೇಳ್ಬೇಡ ಈಗ. ನಮ್ಮಲ್ಲಿ ಕಲ್ಲು ಎಬ್ಬಿಸಿದ್ರೆ ನೀರು."

"ಆ ಹುಡುಗಿ?"

ಅಜ್ಜಿ ಮೆಣಸು ಮಗುಚುವುದನ್ನು ನಿಲ್ಲಿಸಿದರು. "ಕಥೆ ಅಂದ್ಮೇಲೆ ಒಂದು ಹುಡುಗಿ ಬೇಡ್ವನೇ?"

ವರ್ಷಿಣಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇದ್ದದ್ದನ್ನು ಕಳೆದುಕೊಂಡಂತೆಯೂ ಅಲ್ಲ, ಇಲ್ಲದ್ದನ್ನು ಪಡೆದುಕೊಂಡಂತೆಯೂ ಅಲ್ಲ, ನಡುವೆ ಎಲ್ಲೋ ನಿಂತಂತಿತ್ತು. ಒಂದು ಮಾತ್ರ ಸ್ಪಷ್ಟವಿತ್ತು. ಗೌಡರು ಒಪ್ಪಿದ್ದು ಹಿಂದಿನ ದಾರಿ ಎಂಬ ಒಂದೇ ಮಾತಿಗೆ. ಆ ಮಾತು ಕೊಟ್ಟವಳು ಅವಳು.

ಶನಿವಾರ ಎಸ್ ಟಿ ಡಿ ಬೂತಿನಿಂದ ಸುಪ್ರೀತನಿಗೆ ಫೋನ್ ಮಾಡಿದಳು. ಗೌಡರಿಗೆ ಈಗಲೇ ಹೇಳುತ್ತೇನೆ ಎಂದಳು.

"ಈಗ ಹೇಳ್ಬೇಡ ಮಾರಾಯ್ತಿ. ನಾಳೆ ಸ್ಪರ್ಧೆ ಇಟ್ಟಿದೀವಿ, ಶಾಲೆ ಮಕ್ಕಳೆಲ್ಲ ಬರ್ತಾರೆ. ಮುಗೀಲಿ. ಆಮೇಲೆ ಹೇಳು."

"ಆಮೇಲೆ ಹೇಳಿದ್ರೆ ಅದು ಹೇಳಿದ ಹಾಗೆ ಅಲ್ಲ."

"ಗೌಡ್ರು ಗುದ್ದಲಿ ಕಿತ್ಕೊಂಡ್ರೆ?"

"ಕಿತ್ಕೊಳ್ಳಲಿ," ಎಂದಳೇನೋ ಹೌದು. ಫೋನ್ ಇಟ್ಟು ತೋಟದ ಕಡೆ ಹೊರಟಾಗ ಮನಸ್ಸು ಲೆಕ್ಕ ಹಾಕತೊಡಗಿತು. ಅಷ್ಟು ಜನರ ಅಷ್ಟು ಭಾನುವಾರಗಳು. ಬೊಮ್ಮಯ್ಯನ ಕತ್ತಿ. ಸಂಘದವರ ಅವಲಕ್ಕಿ. ಗೌಡರು ಬೇಡ ಎಂದರೆ ಅದೆಲ್ಲ ಒಂದು ಮಳೆಗಾಲದಲ್ಲಿ ಮತ್ತೆ ಲಂಟಾನ.

ಗೌಡರು ಕಣದ ಅಂಚಿನಲ್ಲಿ ಕುರ್ಚಿ ಹಾಕಿಸಿಕೊಂಡು ಒಣಗಿದ ಪಾರ್ಚ್‌ಮೆಂಟ್ ಕಾಫಿಬೀಜದ ಮೂಟೆ ಕಟ್ಟಿಸುತ್ತಿದ್ದರು. ವರ್ಷಿಣಿ ನಿಂತೇ ಹೇಳಿದಳು. ಎಲ್ಲವನ್ನೂ ಹೇಳಿದಳು. ಬಂಡೆ, ಹುತ್ತ, ಸಂಕ, ಜ್ವರ.

ಗೌಡರು ಕೊನೆಯವರೆಗೆ ಕೇಳಿದರು. ಆಮೇಲೆ, "ಈಗ ಬಂದು ಹಿಂಗಂತೀಯಲ್ಲಮ್ಮ," ಎಂದರು. "ನಾನು ಕಳಸದಲ್ಲೆಲ್ಲ ಹೇಳ್ಕೊಂಡು ಬಂದಿದೀನಿ. ಸೊಸೈಟೀಲಿ ಹೇಳಿದೀನಿ. ಹೆಪ್ಪಿನ ದಾರಿ ನಮ್ಮ ತೋಟದಲ್ಲೇ ಇರೋದು ಅಂತ."

"ತಪ್ಪಾಯ್ತು ಗೌಡ್ರೆ."

"ನಿಮ್ಮಜ್ಜಿಗೆ ವಯಸ್ಸಾಯ್ತು, ಮರೆತಿರ್ಬೇಕು. ಬೊಮ್ಮಯ್ಯನ ಅಪ್ಪ ಅದೇ ದಾರೀಲಿ ಓಡಾಡ್ತಿದ್ದ ಅಂತ ಅವನೇ ಹೇಳ್ದ."

ಬೊಮ್ಮಯ್ಯ ಮೂಟೆಯ ಬಾಯಿ ಹೊಲಿಯುತ್ತಿದ್ದವನು ತಲೆಯಾಡಿಸಿದ. ಕೆಲಸ ಶುರುವಾದ ದಿನ ಇದೇ ಬೊಮ್ಮಯ್ಯ, ಇಲ್ಲಿ ದಾರಿ ಇದ್ದದ್ದು ತಾನು ಕೇಳಿಯೇ ಇಲ್ಲ ಎಂದದ್ದು ವರ್ಷಿಣಿಗೆ ಚೆನ್ನಾಗಿ ನೆನಪಿತ್ತು. ಅವಳು ಹೇಳಿದ ಕಥೆಯೇ ಹುಡುಗರ ಬಾಯಿಂದ ತೋಟದ ಆಳುಗಳ ಲೈನು ಮನೆಗಳಿಗೆ ಹೋಗಿ, ಸುತ್ತಿ ಬಳಸಿ, ಈಗ ಬೊಮ್ಮಯ್ಯನ ಅಪ್ಪನ ಕಾಲಿಗೆ ಬಂದು ಸೇರಿತ್ತು.

"ಗೌಡ್ರೆ, ಅದು ನಾನೇ ಹೇಳಿದ್ದು. ಎಲ್ರೂ ನನ್ನಿಂದ ಕೇಳಿದ್ದೇ ಹೇಳ್ತಿದಾರೆ. ನೀವು ಬೇಡ ಅಂದ್ರೆ ನಾವು ನಾಳೆ ಬರಲ್ಲ."

ಗೌಡರಿಗೆ ಈಗ ನಿಜವಾಗಿ ಗೊಂದಲವಾಯಿತು. ಮುಖ ಉಜ್ಜಿಕೊಂಡರು. ಹೊಸ ದಾರಿ ಎಂದಾದರೆ ತಾನೇ ಆಡಿದ ಮಾತಿಗೆ ತಾನೇ ಸಿಕ್ಕಿಬಿದ್ದಂತೆ. ಕೊನೆಗೆ ಒಳಗೆ ತಿರುಗಿ ಕರೆದರು. "ಅವ್ವಾ, ಸ್ವಲ್ಪ ಬಾ ಇಲ್ಲಿ."

ಅವರ ತಾಯಿ ದ್ಯಾವಮ್ಮ ಕೋಲೂರಿಕೊಂಡು ಬಂದರು. ಕಿವಿ ಮಂದ, ಮೊಣಕಾಲು ನೋವು, ಮನೆಯಿಂದ ಆಚೆ ಕಾಲಿಡುವುದೇ ಅಪರೂಪ.

"ಸಂಸೆಯಿಂದ ಹೆಪ್ಪು ಹೊತ್ಕೊಂಡು ಬಂದ ಹುಡುಗಿ ವಿಷ್ಯ ಕೇಳಿದೀಯಾ?"

"ಭಟ್ರ ಮನೆ ಹುಡುಗೀನಾ?" ದ್ಯಾವಮ್ಮ ಕಂಬಕ್ಕೊರಗಿದರು. "ನಮ್ಮತ್ತೆ ಹೇಳೋರು. ಬಿಸಿಲಿಗೆ ಬಾಡಿ ಬಂದಿದ್ಳಂತೆ. ನೀರು ಕೊಟ್ರೆ ಸುಮ್ನೆ ನಿಂತ್ಳಂತೆ. ನಮ್ಮನೆ ನೀರು ಕುಡಿಯೋ ಹಂಗಿಲ್ಲ ಆಗ. ಬೇಡ ಅನ್ನೋಕೂ ಸಂಕೋಚ. ನಮ್ಮತ್ತೆ ಅರ್ಥ ಮಾಡ್ಕೊಂಡು, ಹೋಗಿ ಮರದಿಂದ ಎರಡು ಕಿತ್ತಳೆ ಕಿತ್ತು ಕೊಟ್ರಂತೆ. ಹಣ್ಣಿಗೆ ಮೈಲಿಗೆ ಇಲ್ವಲ್ಲ. ತಿಂದ್ಕೊಂಡು ಹೋದ್ಳಂತೆ."

ವರ್ಷಿಣಿಗೆ ಕಣದ ಬಿಸಿಲು ಒಮ್ಮೆಲೇ ಕಣ್ಣಿಗೆ ಹೊಡೆದಂತಾಯಿತು. ಕಿತ್ತಳೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಸುಪ್ರೀತನಿಗಿಲ್ಲ, ಹುಡುಗರಿಗಿಲ್ಲ, ಯಾರೆಂದರೆ ಯಾರಿಗೂ ಇಲ್ಲ.

"ನೋಡಿದ್ಯಾ?" ಗೌಡರ ದನಿ ಹಗುರವಾಯಿತು. "ನೀನು ಬಂದು ಹೇಳಿದ್ದು ಒಳ್ಳೇದಾಯ್ತು. ಮೇಷ್ಟ್ರ ಮೊಮ್ಮಗಳು ನೀನು. ಆದ್ರೆ ನಾಳೆ ಬರ್ಬೇಡಿ ಅನ್ನೋಕೆ ನನ್ನಿಂದ ಆಗಲ್ಲ. ಬಾ, ಉಳಿದ ತುಂಡು ಎಲ್ಲಿ ಹೋಗಿರ್ಬೇಕು ಅಂತ ತೋರಿಸ್ತೀನಿ."

ಒರತೆಯಿಂದ ಕೆಳಗೆ, ಮರಗಳ ಮರೆಯಲ್ಲಿ ಒಂದು ದೊಡ್ಡ ಬೀಟೆ ಮರವಿತ್ತು. ಗೌಡರು ಅದರ ಎಡಕ್ಕೆ ಕೋಲು ತೋರಿಸಿದರು. ಆ ಸಂಜೆ ಬೊಮ್ಮಯ್ಯನೂ ಕಾಲೇಜು ಹುಡುಗರೂ ಅಲ್ಲೇ ಕೆತ್ತಿ, ದಾರಿಯನ್ನು ಕಣಕ್ಕೆ ತಂದು ಮುಟ್ಟಿಸಿದರು.

ಭಾನುವಾರ ಕಣದ ತುಂಬ ಜನ. ಮಕ್ಕಳಿಗೆ ನಿಧಾನ ಸೈಕಲ್ ಸ್ಪರ್ಧೆ. ಹ್ಯಾಂಡಲಿಗೆ ಕಟ್ಟಿದ ಲೋಟದ ತುಂಬ ಮಜ್ಜಿಗೆ, ಚೆಲ್ಲಿದರೆ ಔಟ್. ದೊಡ್ಡವರು ಗುಡ್ಡದ ಮೇಲಿಂದ ಒಬ್ಬೊಬ್ಬರಾಗಿ ಇಳಿದರು. ವರ್ಷಿಣಿಯೂ ಇಳಿದಳು. ಹಲಸು, ಕಲ್ಲು, ಒರತೆ, ಎಲ್ಲ ಕಡೆ ಸೈಕಲ್ಲು ತಾನಾಗಿ ವಾಲಿ ತಾನಾಗಿ ಎದ್ದಿತು. ಬೀಟೆ ಮರದ ಹತ್ತಿರ ಮಾತ್ರ ಗಕ್ಕನೆ ಬ್ರೇಕ್ ಹಿಡಿಯಬೇಕಾಯಿತು. ಅವಳಿಗೊಬ್ಬಳಿಗೇ ಅಲ್ಲ, ಬಂದವರೆಲ್ಲ ಅಲ್ಲಿ ತಡವರಿಸಿದರು.

ಅಜ್ಜಿಯನ್ನು ಜೀಪಿನಲ್ಲಿ ಕರೆಸಿ ದ್ಯಾವಮ್ಮನ ಪಕ್ಕದಲ್ಲಿ ಕೂರಿಸಿದ್ದರು. ಇಬ್ಬರೂ ಏನೇನೋ ಮಾತಾಡಿದರು. ಹೊರಡುವಾಗ ದ್ಯಾವಮ್ಮ ಒಂದು ಸ್ಟೀಲ್ ಡಬ್ಬಿಯಲ್ಲಿ ಮೊಸರು ಹಾಕಿಕೊಟ್ಟರು. "ನಿಮ್ಮ ಕಡೇದೇ ಹೆಪ್ಪು ಇರ್ಬೋದು, ತಗಳ್ಳಿ." ಅಜ್ಜಿ ಎರಡೂ ಕೈಯಲ್ಲಿ ಡಬ್ಬಿ ಇಸಿದುಕೊಂಡರು. ಮುಖದಲ್ಲಿ ಏನೂ ಕಾಣಲಿಲ್ಲ.

ಜೀಪು ಹೊರಟಾಗ ಆಕಾಶ ಕಪ್ಪಿಟ್ಟಿತ್ತು. ದಪ್ಪ ದಪ್ಪ ಹನಿ ಟಾರ್ಪಾಲಿನ ಮೇಲೆ ಬೀಳತೊಡಗಿತು. ಹೂವಿನ ಮಳೆ. ಇನ್ನು ಹೂ ಉದುರುವ ತನಕ ತೋಟದೊಳಗೆ ಯಾರಿಗೂ ಪ್ರವೇಶವಿಲ್ಲ.

"ಅಜ್ಜಿ," ವರ್ಷಿಣಿ ಮೆಲ್ಲಗೆ ಕೇಳಿದಳು, "ದ್ಯಾವಮ್ಮನೋರು ಕಿತ್ತಳೆ ವಿಷ್ಯ ಹೇಳಿದ್ರು. ಅವರಿಗೆ ಹೇಗೆ ಗೊತ್ತು?"

"ಹಳ್ಳಿ ಹೆಂಗಸರಿಗೆ ಎಂತೆಂತದೋ ಗೊತ್ತಿರತ್ತೆ."

"ನೀನು ಕಟ್ಟಿದ ಕಥೆ ಅಂದ್ಯಲ್ಲ."

ಅಜ್ಜಿ ತೊಡೆಯ ಮೇಲಿನ ಡಬ್ಬಿಯ ಮುಚ್ಚಳವನ್ನು ಒತ್ತಿ ನೋಡಿದರು. ಜೀಪು ತಿರುವಿನಲ್ಲಿ ವಾಲಿದಾಗ ತಾವೂ ಅದರ ಜೊತೆ ವಾಲಿ, ಡಬ್ಬಿಯನ್ನು ನೆಟ್ಟಗೆ ಇಟ್ಟುಕೊಂಡರು.

"ನಾನೇ ಕಟ್ಟಿದ್ದು. ಅದಿರ್ಲಿ, ಕೊನೇ ತಿರುವು ತಪ್ಪು ಕಡಿದಿದೀರಿ ನೀವು. ಬೀಟೆ ಮರದ ಬಲಕ್ಕೆ ಹೋಗ್ಬೇಕಿತ್ತು."

ಕಥೆಯಲ್ಲಿ ಬೀಟೆ ಮರ ಯಾವತ್ತೂ ಇರಲಿಲ್ಲ. ಅಜ್ಜಿ ದಿನವಿಡೀ ಕೂತಿದ್ದ ಕಣದಿಂದ ಆ ಮರ ಕಾಣುವುದೂ ಇಲ್ಲ. ವರ್ಷಿಣಿ ಸೀಟಿನಲ್ಲೇ ಪೂರ್ತಿ ತಿರುಗಿ, ಮಳೆಯಲ್ಲಿ ಮಸುಕಾಗುತ್ತಿದ್ದ ಗುಡ್ಡವನ್ನು ನೋಡುತ್ತಲೇ ಇದ್ದಳು.

"ಎಂತ ಮೇಡಂ," ಡ್ರೈವರ್ ಕನ್ನಡಿಯಲ್ಲಿ ಕಂಡು ಕೇಳಿದ, "ಏನಾದ್ರೂ ಬಿಟ್ಟು ಬಂದ್ರಾ?"

ವರ್ಷಿಣಿ ಗುಡ್ಡದಿಂದ ಕಣ್ಣು ತೆಗೆದು, ಅಜ್ಜಿಯ ಡಬ್ಬಿಗೆ ತಾನೂ ಒಂದು ಕೈ ಕೊಟ್ಟಳು.