ಮಧುಮತಿ ಮೆಚ್ಚಿದ ಕಾದಂಬರಿ

ಡಿಸೆಂಬರಿನ ಕೊನೆಯ ರವಿವಾರ ಬನಹಟ್ಟಿಗೆ ಹೋಗುವುದೇ ಬೇಡ ಎಂದು ಮಧುಮತಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಅದನ್ನು ಕೆಡಿಸಿದವಳು ಅವಳ ತಾಯಿ ಕಸ್ತೂರೆವ್ವ.

"ನಿಮ್ಮ ಓದೋ ಮಂದಿ ಕೂಡೂದು ಇವತ್ತ ಅಲ್ಲ? ನಾನೂ ಬರ್ತೇನಿ. ಶಂಕ್ರೆವ್ವನ ಮಾತಾಡಿಸಿ ಭಾಳ ದಿನಾ ಆತು," ಎಂದಳು, ಆಗಲೇ ಇಳಕಲ್ ಸೀರೆಯ ನಿರಿಗೆ ಹಿಡಿಯುತ್ತ.

"ತಲಿ ನೋಯಾಕತ್ತೈತಿ ಬೇ. ಈ ಸಲ ಹೋಗೂದಿಲ್ಲ."

"ಒಂದ ವರ್ಷಾನೂ ತಪ್ಪಿಸಿಲ್ಲ ನೀ. ಗಿರಿಮಲ್ಲಪ್ಪ ಸರ್ ಏನ್ ತಿಳ್ಕೊಂಡಾರು? ಅದೂ ಅವ್ರ ಪುಸ್ತಕ ಬಂದ ವರ್ಷ."

ಮಧುಮತಿ ತಿರುಗಿ ನೋಡಿದಳು. ಪುಸ್ತಕ ಬಂದದ್ದು ಅವ್ವನಿಗೆ ಹೇಗೆ ಗೊತ್ತು ಎಂದು ಕೇಳಲಿಲ್ಲ. ಪತ್ರಿಕೆಯಲ್ಲಿ ಫೋಟೋ ಬಂದಿತ್ತು, ಯಾರೋ ಹೇಳಿರಬೇಕು. ಅವ್ವ ಕಣ್ಣಿನ ಆಪರೇಷನ್ ಆದಮೇಲೆ ಸಣ್ಣ ಅಕ್ಷರ ಓದುತ್ತಿರಲಿಲ್ಲ. ಪುಸ್ತಕವನ್ನು ಮಧುಮತಿ ಟ್ರಂಕಿನ ತಳದಲ್ಲಿ, ಹಳೆಯ ಕೌದಿಗಳ ಕೆಳಗೆ ಇಟ್ಟಿದ್ದಳು. ಇನ್ನೂ ಬೇಡವೆಂದರೆ ಅವ್ವ ಕಾರಣ ಕೇಳುತ್ತಾಳೆ. ಕೇಳಿದರೆ ಹೇಳಲು ಕಾರಣವಿಲ್ಲ. ಅವಳು ಸೀರೆ ಬದಲಿಸಿದಳು.

ಗಿರಿಮಲ್ಲಪ್ಪ ಜಮಖಂಡಿಯ ಕಾಲೇಜಿನಲ್ಲಿ ಅವಳಿಗೆ ಕನ್ನಡ ಕಲಿಸಿದವರು. ಪಾಠ ಮುಗಿದ ಮೇಲೂ ತಮ್ಮ ಕಪಾಟಿನ ಪುಸ್ತಕಗಳನ್ನು ಒಂದೊಂದಾಗಿ ಕೊಟ್ಟು, ಓದಿ ಏನನ್ನಿಸಿತು ಹೇಳು ಎಂದು ಕೂರಿಸಿಕೊಂಡು ಕೇಳಿದವರು. ನಿವೃತ್ತರಾದ ಮೇಲೆ ಅವರೇ ಓದುಗರ ಬಳಗ ಕಟ್ಟಿದರು. ಬನಹಟ್ಟಿಯಲ್ಲಿ ನೂಲಿನ ವ್ಯಾಪಾರ ಮಾಡುವ ಜ್ಞಾನೇಶ್ವರ, ಅವನ ಹೆಂಡತಿ ಕಾವೇರಿ, ಮಧುಮತಿ, ಮತ್ತೆ ಆಗಾಗ ಬಂದು ಹೋಗುವ ಕೆಲವರು. ವರ್ಷದ ಕೊನೆಗೆ ಜ್ಞಾನೇಶ್ವರನ ಮನೆಯಲ್ಲಿ ಕೂಡಿ ಪ್ರತಿಯೊಬ್ಬರೂ ಆ ವರ್ಷ ಓದಿದ್ದರಲ್ಲಿ ಮೆಚ್ಚಿದ್ದು ಯಾವುದು, ನಿರಾಸೆ ಮಾಡಿದ್ದು ಯಾವುದು ಹೇಳಬೇಕು. ಮುಲಾಜಿಲ್ಲದೆ ಹೇಳಬೇಕು ಎನ್ನುವುದು ಸರ್ ಹಾಕಿದ ಒಂದೇ ಕಟ್ಟಳೆ.

ಟಂಟಂ ಆಟೋದಲ್ಲಿ ಅವ್ವನ ಪಕ್ಕ ಇಕ್ಕಟ್ಟಾಗಿ ಕೂತು ಮಧುಮತಿ ತನ್ನ ವರ್ಷದ ಓದನ್ನು ತಡಕಾಡಿದಳು. ಏನಾದರೂ ಒಂದು ಹೆಸರು ಬೇಕಿತ್ತು. ಸಂಕ್ರಾಂತಿಗೆ ಓದಿದ ಸೂಲಗಿತ್ತಿಯ ಆತ್ಮಕಥೆ ಚೆನ್ನಾಗಿತ್ತು, ಅದನ್ನು ಮೆಚ್ಚಿದ್ದು ಎನ್ನಬಹುದು. ಬೇಸಿಗೆಯಲ್ಲಿ ಎಲ್ಲರೂ ಹೊಗಳಿದ ದೊಡ್ಡ ಕಾದಂಬರಿ ಅರ್ಧಕ್ಕೆ ನಿಂತಿತ್ತು. ಅದರಲ್ಲಿ ಹೆಂಗಸರೆಲ್ಲ ಒಂದೇ ಥರ ಅಳುತ್ತಿದ್ದರು, ಅದನ್ನು ನಿರಾಸೆ ಎನ್ನಬಹುದು. ಎರಡೂ ಸುಳ್ಳಲ್ಲ. ಆದರೆ ಆ ವರ್ಷ ಅವಳನ್ನು ಊಟ ಬಿಡಿಸಿ ಕೂರಿಸಿದ ಪುಸ್ತಕ ಒಂದೇ, ಮತ್ತು ಅದು ಟ್ರಂಕಿನಲ್ಲಿತ್ತು.

ಆಲಮಟ್ಟಿ ಅಣೆಕಟ್ಟಿನ ನೀರು ಏರತೊಡಗಿದ ಕಾಲದಲ್ಲಿ ಬೀಳಗಿ ತಾಲೂಕಿನ ಮಧುಮತಿಯ ತವರೂರು ಖಾಲಿಯಾಗುತ್ತಿತ್ತು. ಜನ ಹೊಸ ಜಾಗದಲ್ಲಿ ತಗಡಿನ ಶೆಡ್ಡು ಹಾಕಿಕೊಂಡು, ಹಳೆಯ ಮನೆಗಳ ತೊಲೆ, ಬಾಗಿಲು ಕಿತ್ತು ತರುತ್ತಿದ್ದರು. ಮಧುಮತಿ ಆಗ ಜಮಖಂಡಿಯ ಹಾಸ್ಟೆಲಿನಲ್ಲಿದ್ದಳು. ಅವಳ ಅಣ್ಣ ಗೌರೀಶ ತಲಬಾಗಿಲಿನ ಚೌಕಟ್ಟು ಕೀಳಲು ಒಬ್ಬನೇ ಹೋದ. ಚೌಕಟ್ಟಿನ ಜೊತೆ ನೆನೆದ ಗೋಡೆಯೂ ಅವನ ಮೇಲೆ ಬಂತು. ಹುಡುಗನದು ಹುಂಬತನ, ಹೇಳದೆ ಕೇಳದೆ ಹೋದ ಎಂದು ಊರೆಲ್ಲ ಮರುಗಿತು. ದಿನಕರ್ಮ ಮುಗಿದ ಮೇಲೆ ಕಸ್ತೂರೆವ್ವ ಶೆಡ್ಡಿನ ಹಿಂದೆ ಮಗಳ ಕೈ ಹಿಡಿದು, "ಕಳಿಸಿದಾಕಿ ನಾನ, ಮಧು. ನಿಮ್ಮಪ್ಪಗೂ ಗೊತ್ತಿಲ್ಲ," ಎಂದಳು. ಮತ್ತೆಂದೂ ಆ ಮಾತು ಎತ್ತಲಿಲ್ಲ. ಅಪ್ಪ ಗೊತ್ತಿಲ್ಲದೆಯೇ ತೀರಿಕೊಂಡ.

ಮಧುಮತಿ ಅದನ್ನು ಗಂಡ ಮಹಾಲಿಂಗಪ್ಪನಿಗೂ ಹೇಳಿರಲಿಲ್ಲ. ಹೇಳಿದ್ದು ಗಿರಿಮಲ್ಲಪ್ಪನವರಿಗೆ. ಮುಧೋಳದಲ್ಲಿ ಯಾವುದೋ ಉಪನ್ಯಾಸ ಕೇಳಿ ಬರುವಾಗ ಬಸ್ಸು ಕೆಟ್ಟು ನಿಂತಿತ್ತು. ಕಬ್ಬಿನ ಗಾಡಿಗಳು ಹಾದುಹೋಗುತ್ತಿದ್ದವು. ಸರ್ ಏನೂ ಕೇಳಿರಲಿಲ್ಲ, ಅವಳೇ ಹೇಳಿಬಿಟ್ಟಳು. ಅವರು ಸುಮ್ಮನೆ ಕೇಳಿಸಿಕೊಂಡರು, ಕೊನೆಗೆ ಅವಳ ತಲೆಯ ಮೇಲೆ ಕೈಯಿಟ್ಟರು. ಆ ವಾರವೆಲ್ಲ ಅವಳಿಗೆ ಹಗುರಾಗಿತ್ತು.

ಎರಡು ವರ್ಷದ ಮೇಲೆ, ಈ ಶ್ರಾವಣದಲ್ಲಿ, ಸರ್ ಬರೆದ ಕಾದಂಬರಿ ಕೈಗೆ ಬಂತು. ಒಳಪುಟದಲ್ಲಿ "ಮೊದಲ ಓದುಗಾರ್ತಿಗೆ" ಎಂದು ಬರೆದು ಸಹಿ ಮಾಡಿದ್ದರು. ಊರ ಹೆಸರು ಬೇರೆ, ಮಗನ ಹೆಸರು ಬೇರೆ. ಉಳಿದದ್ದೆಲ್ಲ ಅದೇ. ಆ ತಾಯಿ ಮಗನನ್ನು ಚೌಕಟ್ಟಿಗಾಗಿ ಕಳಿಸುತ್ತಾಳೆ, ಊರು ಸಮಾಧಾನ ಹೇಳುವಾಗ ಬಾಯಿ ಬಿಡುವುದಿಲ್ಲ. ಕೆಟ್ಟ ಪುಸ್ತಕವಾಗಿದ್ದರೆ ಸಿಟ್ಟು ಮಾಡಿ ಎಸೆಯಬಹುದಿತ್ತು. ಆದರೆ ಅಷ್ಟು ನಿಜವಾಗಿ ಬರೆದದ್ದನ್ನು ಅವಳು ಆ ವರ್ಷ ಬೇರೆಲ್ಲೂ ಓದಿರಲಿಲ್ಲ. ಓದುತ್ತ ಅತ್ತಳು. ಅತ್ತದ್ದಕ್ಕೆ ಇನ್ನಷ್ಟು ಉರಿದಳು.

ಜ್ಞಾನೇಶ್ವರನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಮಗ್ಗಗಳಿಗೆ ರಜೆ, ಓಣಿಯಲ್ಲಿ ಸದ್ದಿಲ್ಲ. ಇಂಥ ನಿಶ್ಶಬ್ದ ಬನಹಟ್ಟಿಯಲ್ಲಿ ಅಪರೂಪ, ಮೆಲ್ಲಗೆ ಆಡಿದ ಮಾತೂ ಒಳಮನೆಗೆ ಕೇಳುತ್ತಿತ್ತು. ಕಸ್ತೂರೆವ್ವ ನೇರ ಒಳಗೆ ಹೋಗಿ ಜ್ಞಾನೇಶ್ವರನ ತಾಯಿ ಶಂಕ್ರೆವ್ವನ ಬಳಿ ಕೂತಳು. ನಡುವೆ ಒಂದು ಪರದೆ ಮಾತ್ರ. ಗಿರಿಮಲ್ಲಪ್ಪ ಗೋಡೆಗೆ ಒರಗಿ ಕೂತಿದ್ದರು. ಕಸ್ತೂರೆವ್ವ ಹಾದುಹೋಗುವಾಗ ಎದ್ದು ನಿಂತು ಕೈಮುಗಿದರು. ಮಧುಮತಿಯ ಕಡೆ ನೋಡಲಿಲ್ಲ.

"ನನ್ನ ಪುಸ್ತಕ ಬಂದೈತಿ ಅಂತ ಯಾರೂ ಸಂಕೋಚ ಮಾಡಬ್ಯಾಡ್ರಿ," ಎಂದರು. ದನಿ ಎಂದಿನಂತೆ ಇರಲಿಲ್ಲ.

ಜ್ಞಾನೇಶ್ವರ ಮೊದಲು ಮಾತಾಡಿದ. ಅವನ ನಿರಾಸೆ ಒಂದು ದಪ್ಪ ಐತಿಹಾಸಿಕ ಕಾದಂಬರಿ. "ಇಚಲಕರಂಜಿಗೆ ನೂಲಿಗೆ ಹೋದಾಗೆಲ್ಲಾ ಒಯ್ದೇನ್ರಿ. ಯಾವ ಪುಟಾ ತೆಗದ್ರೂ ಕುದುರಿ ಓಡಾಕತ್ತಿರತಾವ. ಎಲ್ಲಿಗೂ ಮುಟ್ಟೂದಿಲ್ಲ." ಎಲ್ಲರೂ ನಕ್ಕರು, ಮಧುಮತಿಯೂ ನಕ್ಕಳು. "ಮೆಚ್ಚಿದ್ದು ಮಾತ್ರ ಸರ್ ಅವರದ್ದ. ಮುಲಾಜಿಗೆ ಅಲ್ರಿ."

"ನಂದೂ ಅದ," ಎಂದಳು ಕಾವೇರಿ. ಅವಳದು ಗಟ್ಟಿ ಗಂಟಲು. "ಆದ್ರ ಆ ತಾಯಿ ಮ್ಯಾಗ ನಂಗ ಭಾಳ ಸಿಟ್ಟು ಬಂತ್ರಿ. ಒಂದ ಕಟ್ಟಿಗಿ ಚೌಕಟ್ಟಿನ ಸಲುವಾಗಿ ಬೀಳೋ ಮನಿಯೊಳಗ ಮಗನ್ನ ಕಳಸ್ತಾಳಲ್ಲ, ಆಮ್ಯಾಲೆ ಊರಿಗೆಲ್ಲಾ ಮಗಂದ ತಪ್ಪು ಅನ್ನೂವಂಗ ಸುಮ್ಮ ಕುಂದರತಾಳ. ಎಂಥಾ ಹೆಣಮಗಳಿರಬೇಕ್ರಿ ಆಕಿ."

ಪರದೆಯಾಚೆ ಶಂಕ್ರೆವ್ವ ಏನೋ ಹೇಳುತ್ತಿದ್ದಳು. ಅವಳ ಮಾತಿಗೆ ಹೂಂಗುಡುತ್ತಿದ್ದ ಕಸ್ತೂರೆವ್ವನ ದನಿ ನಿಂತಿತು. ಮಧುಮತಿ ಪರದೆಯ ಕಡೆ ನೋಡಿದಳು.

"ಕಾವೇರಿ, ಮೆಲ್ಲಗ," ಎಂದರು ಗಿರಿಮಲ್ಲಪ್ಪ.

"ಯಾಕ್ರಿ? ಇದು ಖರೆ ನಡದದ್ದೇನ್ರಿ ಸರ್? ಬೀಳಗಿ ಕಡೆ ಊರಿನಂಗ ಕಾಣ್ತೈತಿ. ಮಧುಮತಿ, ನಿಮ್ಮ ಕಡೇದ ಅಲ್ಲ?"

ಎಲ್ಲರೂ ಅವಳ ಕಡೆ ತಿರುಗಿದರು. ಗಿರಿಮಲ್ಲಪ್ಪ ಕನ್ನಡಕ ತೆಗೆದು ಧೋತರದ ಚುಂಗಿನಿಂದ ಒರೆಸತೊಡಗಿದರು. ಸರ್ ಏನಾದರೂ ಹೇಳಲಿ, ಎಲ್ಲ ಕಲ್ಪನೆ ಎಂದು ಒಂದು ಸುಳ್ಳಾದರೂ ಹೇಳಲಿ ಎಂದು ಮಧುಮತಿ ಕಾದಳು. ಅವರು ಒರೆಸುತ್ತಲೇ ಇದ್ದರು.

"ನನ್ನ ಪಾಳಿ ಹೇಳಿಬಿಡ್ತೇನಿ," ಎಂದಳು ಅವಳು. ಸೂಲಗಿತ್ತಿಯ ಆತ್ಮಕಥೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ನಾನೂ ಈ ವರ್ಷ ಸರ್ ಕಾದಂಬರೀನ ಮೆಚ್ಚೇನಿ. ಅದಕ್ಕಿಂತ ಛಲೋದು ಓದಿಲ್ಲ. ನಿರಾಶಾ ಆಗಿದ್ದು ಪುಸ್ತಕದಿಂದ ಅಲ್ಲ. ಒಬ್ರನ್ನ ನಂಬಿ ಒಂದ ಮಾತ ಹೇಳಿದ್ನಿ. ಬರಿಯೂ ಮುಂದ ಅವ್ರು ನನ್ನ ಒಂದ ಸಲ ಕೇಳಬೇಕಾಗಿತ್ತು. ಕೇಳಲಿಲ್ಲ."

ಕಾವೇರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಅರ್ಥವಾದಾಗ ಕೈ ಬಾಯಿಗೆ ಹೋಯಿತು.

"ಕೇಳಿದ್ರ ನೀ ಬ್ಯಾಡ ಅಂತಿದ್ದಿ," ಎಂದರು ಗಿರಿಮಲ್ಲಪ್ಪ, ತಲೆಯೆತ್ತದೆ.

"ಹೌದ್ರಿ. ಬ್ಯಾಡ ಅಂತಿದ್ನಿ."

ಪರದೆ ಸರಿಯಿತು. ಕಸ್ತೂರೆವ್ವ ಸೆರಗು ಹೊದ್ದು ನಿಂತಿದ್ದಳು. ಯಾರ ಮುಖವನ್ನೂ ನೋಡಲಿಲ್ಲ. "ಮಧು, ನಡಿ ಮನಿಗೆ," ಎಂದಳು.

ದಾರಿಯುದ್ದಕ್ಕೂ ಅವ್ವ ಹೊರಗೆ ನೋಡುತ್ತ ಕೂತಳು. ಮಧುಮತಿಗೆ ಅವ್ವ ಸರ್ ಮೇಲೆ ಕೆಂಡವಾಗಿದ್ದಾಳೆ ಎನ್ನಿಸಿತು. ಹೊಸ್ತಿಲು ದಾಟಿದ ಕೂಡಲೇ ಮಗಳೇ ಶುರು ಮಾಡಿದಳು: "ಅವ್ರು ಹಿಂಗ ಮಾಡ್ತಾರ ಅಂತ ನಾ ತಿಳದಿರಲಿಲ್ಲ ಬೇ."

ಕಸ್ತೂರೆವ್ವ ಚಪ್ಪಲಿ ಬಿಟ್ಟು ತಿರುಗಿದಳು. "ಅವ್ರು ಯಾರ? ಬರ್ಯೋದು ಅವ್ರ ಕೆಲಸ. ನಾ ಆ ಮಾತ ಅವ್ರಿಗೆ ಹೇಳಿದ್ನೇನ? ನಿಂಗ ಹೇಳಿದ್ನಿ."

ಶ್ರಾವಣದಿಂದ ಇಲ್ಲಿಯ ತನಕ ಮಧುಮತಿ ಗಿರಿಮಲ್ಲಪ್ಪನವರ ಮೇಲೆ ಹಲ್ಲು ಕಡಿಯುತ್ತ ಬಂದಿದ್ದಳು. ಪಡಸಾಲೆಯಲ್ಲಿ ತಾನು ಆಡಿದ ಮಾತು, 'ನನ್ನ ಒಂದು ಸಲ ಕೇಳಬೇಕಾಗಿತ್ತು' ಎಂದದ್ದು, ಈಗ ಅವಳ ಮೇಲೆಯೇ ಬಂದು ಬಿತ್ತು. ಮುಧೋಳದ ದಾರಿಯಲ್ಲಿ ಬಾಯಿ ತೆರೆಯುವ ಮೊದಲು ಅವಳು ಅವ್ವನನ್ನು ಕೇಳಿರಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಮಾತು ಬಂದಾಯಿತು. ಅವ್ವ ರೊಟ್ಟಿ ಬಡಿಯುತ್ತಿದ್ದಳು, ಮಗಳ ತಾಟಿಗೆ ಹಾಕುತ್ತಿದ್ದಳು, ಮುಖ ನೋಡುತ್ತಿರಲಿಲ್ಲ. ಮಧುಮತಿ ಕಚೇರಿಗೆ ಹೋಗಿ ಬಂದು ಮಾಡುತ್ತಿದ್ದಳು, ಫೈಲುಗಳಲ್ಲಿ ಒಂದೇ ಸಾಲನ್ನು ಎರಡು ಸಲ ಬರೆಯುತ್ತಿದ್ದಳು. ಬಾಡಗಂಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಮಹಾಲಿಂಗಪ್ಪ, ಕಬ್ಬು ನುರಿಸುವ ಹಂಗಾಮಿನ ನಡುವೆ ಒಂದು ದಿನಕ್ಕೆಂದು ಬಂದವನು, ಇಬ್ಬರನ್ನೂ ನೋಡಿ ಏನೂ ಕೇಳದೆ ಊಟ ಮುಗಿಸಿ ಹೋದ. ಮಧುಮತಿ ಕ್ಷಮೆ ಕೇಳಲು ಎಷ್ಟೋ ಸಲ ಅಡಿಗೆಮನೆಯ ಬಾಗಿಲ ತನಕ ಹೋದಳು. ಅವ್ವನ ಬೆನ್ನು ನೋಡಿ ಹಿಂದಕ್ಕೆ ಬಂದಳು.

ಸಂಕ್ರಾಂತಿ ಮುಗಿದ ಮೇಲೆ ಒಂದು ಮಧ್ಯಾಹ್ನ ಕಸ್ತೂರೆವ್ವ ಟ್ರಂಕು ತೆಗೆದು ಪುಸ್ತಕವನ್ನು ಹೊರತಂದು ಮಗಳ ಮುಂದೆ ಇಟ್ಟಳು. ಮಗಳು ಎಲ್ಲಿ ಬಚ್ಚಿಟ್ಟಿದ್ದಾಳೆ ಎಂದು ಅವಳಿಗೆ ಮೊದಲೇ ಗೊತ್ತಿತ್ತು.

"ಓದು. ಏನೂ ಬಿಡಬ್ಯಾಡ."

ಮಧುಮತಿ ಓದಿದಳು. ಅಂದು, ಮರುದಿನ, ಅದರ ಮರುದಿನ. ಅವ್ವ ಕಾಳು ಹಸನು ಮಾಡುತ್ತ ಕೇಳಿದಳು. ಊರು ಖಾಲಿಯಾಗುವ ಅಧ್ಯಾಯಕ್ಕೆ, "ಹಿಂಗ ಇತ್ತು ನೋಡು," ಎಂದಳು. ತಾಯಿ ಮಗನನ್ನು ಕಳಿಸುವ ಪುಟಕ್ಕೆ ಬಂದಾಗ ಮಧುಮತಿ ಓದು ನಿಲ್ಲಿಸಿದಳು. "ಓದು," ಎಂದಳು ಅವ್ವ. ಪುಸ್ತಕದಲ್ಲಿ ಮಗ, ಆಯಿತವ್ವ ಎಂದು ತಲೆಗೆ ಪಟಕಾ ಸುತ್ತಿಕೊಂಡು ಹೊರಡುತ್ತಾನೆ. ಕಸ್ತೂರೆವ್ವನ ಕೈ ಮೊರದಲ್ಲಿ ನಿಂತಿತು.

"ಇವ ಬ್ಯಾರೆ ಹುಡುಗ," ಎಂದಳು. "ನನ್ನ ಗೌರೀಶ ಹಂಗ ಹೋಗಲಿಲ್ಲ. ಜಗಳಾ ಮಾಡಿದ. ಗ್ವಾಡಿ ನೆಂದೈತಿ ಬೇ, ಆ ಚೌಕಟ್ಟ ನೀರಿಗೆ ಹೋಗ್ಲಿ ಬಿಡು ಅಂದ. ನಿಮ್ಮಜ್ಜ ಕೂರಿಸಿದ ಬಾಗಲಾ, ನಾ ಲಗ್ನಾಗಿ ಒಳಗ ಬಂದ ಬಾಗಲಾ, ಬಿಡೂದಿಲ್ಲ ಅಂದ್ನಿ. ಮೈಗಳ್ಳ ಅದಿ ಲೇ ನೀ ಅಂದ್ನಿ. ರೊಟ್ಟಿ ತಾಟ ಸರಿಸಿ ಎದ್ದು ಹೋದ. ಉಂಡಿರಲಿಲ್ಲ."

ಮಧುಮತಿ ಪುಸ್ತಕ ಮುಚ್ಚಿದಳು. ಅವ್ವನ ಹತ್ತಿರ ಸರಿದು ಕೂತಳು. ಇಬ್ಬರ ನಡುವೆ ಮೊರವಿತ್ತು, ಅವಳು ಅದನ್ನು ಪಕ್ಕಕ್ಕೆ ಇಟ್ಟಳು. "ತಪ್ಪಾತು ಬೇ," ಎಂದಳು.

"ಇದನ್ನೂ ಯಾರ ಮುಂದರೆ ಹೇಳ್ತೀಯೇನು?"

"ಇಲ್ಲ."

ಕಸ್ತೂರೆವ್ವ ಮಗಳನ್ನು ಬಹಳ ಹೊತ್ತು ನೋಡಿದಳು. ನಂಬಿದಳೋ ಇಲ್ಲವೋ, ಮುಖದಿಂದ ತಿಳಿಯಲಿಲ್ಲ. ಆಮೇಲೆ, "ಮುಂದ ಏನ್ ಆಗ್ತೈತಿ ಓದು," ಎಂದಳು. ಸಂಜೆಯ ಹೊತ್ತಿಗೆ ಪುಸ್ತಕ ಮುಗಿಯಿತು.

ಫೆಬ್ರುವರಿಯಲ್ಲಿ ಗಿರಿಮಲ್ಲಪ್ಪ ತಾವಾಗಿಯೇ ಬಂದರು. ಬಿಸಿಲಲ್ಲಿ ಬಸ್ ಸ್ಟ್ಯಾಂಡಿನಿಂದ ನಡೆದೇ ಬಂದಿದ್ದರು. ಒಂದೇ ಚಳಿಗಾಲದಲ್ಲಿ ಮುದುಕರಾಗಿದ್ದರು. ಕಟ್ಟೆಯ ಮೇಲೆ ಕೂತು, ಪ್ರಕಾಶಕರು ಎರಡನೇ ಮುದ್ರಣಕ್ಕೆ ಕೇಳುತ್ತಿದ್ದಾರೆ, ನೀವು ಬೇಡವೆಂದರೆ ಇಲ್ಲಿಗೇ ನಿಲ್ಲಿಸುತ್ತೇನೆ ಎಂದರು. ಈ ಮಾತನ್ನು ಮಧುಮತಿಗೆ ಹೇಳಲಿಲ್ಲ, ಕಸ್ತೂರೆವ್ವನಿಗೆ ಹೇಳಿದರು.

ಕಸ್ತೂರೆವ್ವ ಒಳಗೆ ಹೋಗಿ ಚಹಾ ಮಾಡಿ ತಂದಳು. ಕಪ್ಪು ಅವರ ಕೈಗೆ ಕೊಟ್ಟು ಕಂಬಕ್ಕೆ ಒರಗಿ ನಿಂತಳು.

"ಅಚ್ಚ ಹಾಕಸ್ರಿ ಸರ್. ಭಾಳ ಮಂದಿ ಅವ್ವಗೋಳು ಅದಾರ ಹಂಥಾವ್ರು. ಛಲೋ ಬರದೀರಿ," ಎಂದಳು. "ಆದ್ರ ಇನ್ನ ಮ್ಯಾಲೆ ನಮ್ಮ ಮನಿಗೆ ಬರಬ್ಯಾಡ್ರಿ. ನಿಮ್ಮನ್ನ ಕಂಡ್ರ ನಂಗ ಮಾತಾಡಾಕ ಅಂಜಿಕಿ ಬರ್ತೈತಿ."

ಗಿರಿಮಲ್ಲಪ್ಪ ತಲೆಯಾಡಿಸಿದರು. ಮಧುಮತಿ ಬಾಗಿಲಲ್ಲಿ ನಿಂತೇ ಇದ್ದಳು. ಅವಳಿಗೆ ಓದು ಕಲಿಸಿದವರು ಕಟ್ಟೆಯ ಮೇಲೆ ತಲೆತಗ್ಗಿಸಿ ಕೂತಿದ್ದರು. ಆದರೆ ಅವಳು ಮುಂದೆ ಬರಲಿಲ್ಲ.

"ಚಾ ಆರ್ತೈತ್ರಿ, ಕುಡೀರಿ," ಎಂದಳು ಕಸ್ತೂರೆವ್ವ. ಅವರು ಎರಡೂ ಕೈಯಲ್ಲಿ ಕಪ್ಪು ಹಿಡಿದು ನಿಧಾನ ಕುಡಿಯತೊಡಗಿದರು. ಅವರು ಮುಗಿಸುವ ತನಕ ಕಸ್ತೂರೆವ್ವ ಅಲ್ಲೇ ನಿಂತಿದ್ದಳು.